ಹಗುರ ರಿವಾಲ್ವರಿಗೆ ಯಾರ ಕೈಯಳತೆಯ ಹಿಡಿ?

2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಆಯುಧ ಕಾರ್ಖಾನೆ ‘ನಿರ್ಭೀಕ್’ ರಿವಾಲ್ವರನ್ನು ಹೊರತಂದಾಗ ಅದನ್ನು ಹೆಂಗಸರ ಆತ್ಮರಕ್ಷಣೆಯ ಆಯುಧವೆಂದೇ ಪ್ರಚಾರ ಮಾಡಲಾಯಿತು. ಟೈಟಾನಿಯಂ ಮಿಶ್ರಲೋಹದ ಮೈ, .32 ಬೋರ್, ಸುಮಾರು 500 ಗ್ರಾಂ ತೂಕ, ಪರ್ಸಿನಲ್ಲಿ ಸಲೀಸಾಗಿ ಕೂರುವ ಗಾತ್ರ, ಒಡವೆ ಪೆಟ್ಟಿಗೆಯಂಥ ಡಬ್ಬಿ. ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಹೊಗಳಿಕೆಯೆಲ್ಲ ತೂಕಕ್ಕೇ ಸಂದಿತು. ಕೈಗೆ ಸಿಗುವ ಭಾಗದ ಮಾತು ‘ಚೆಂದದ ಮರದ ಹಿಡಿ’ ಎನ್ನುವಲ್ಲಿಗೆ ಮುಗಿಯಿತು. ಬಟ್ಟೆಯೊಳಗೆ ಬಚ್ಚಿಟ್ಟುಕೊಳ್ಳುವ ಸಣ್ಣ ರಿವಾಲ್ವರಿನ ಸಹವಾಸ ಅಮೆರಿಕಕ್ಕೆ ಬಹಳ ಹಳೆಯದು. ಅಲ್ಲಿ ಹಿಡಿ ಬದಲಿಸುವುದು ಕೊಂಡವರು ಮಾಡುವ ಮೊದಲ ಕೆಲಸಗಳಲ್ಲೊಂದು, ಅದಕ್ಕೇ ಮೀಸಲಾದ ಕಂಪನಿಗಳೂ ಇವೆ. ಆದರೂ ಅಲ್ಲಿನವರು ಹಿಡಿಯನ್ನು ಆರಿಸುವುದು ಹೆಚ್ಚಾಗಿ ನೋಟಕ್ಕೆ, ಇಲ್ಲವೇ ಒದೆತ ತಗ್ಗಲಿ ಎಂದು. ಮೊದಲು ನೋಡಬೇಕಾದದ್ದು ತೋರುಬೆರಳಿನ ಉದ್ದವನ್ನು ಎಂಬುದು ನನ್ನ ವಾದ.

ಸ್ಮಿತ್ ಅಂಡ್ ವೆಸನ್ ಕಂಪನಿ 1950ರಲ್ಲಿ ಐದು ಗುಂಡಿನ, .38 ಸ್ಪೆಷಲ್ ಬೋರಿನ ಪುಟ್ಟ ರಿವಾಲ್ವರನ್ನು ತಂದಿತು. ಉಕ್ಕಿನ ಆ ಮಾದರಿ ಅರ್ಧ ಕೆಜಿಗಿಂತ ತುಸು ಹೆಚ್ಚು ತೂಗುತ್ತಿತ್ತು. ಅದೇ ವಂಶದ, ಅಲ್ಯೂಮಿನಿಯಂ ಚೌಕಟ್ಟಿನ ಇಂದಿನ 642 ಮಾದರಿಯ ತೂಕ ಹೆಚ್ಚುಕಡಿಮೆ 400 ಗ್ರಾಂ. ಗುಂಡು ಅದೇ, ಮದ್ದೂ ಅದೇ. ತೂಕ ಇಳಿದಷ್ಟೂ ಒದೆತ ಏರುತ್ತದೆ. ಇದು ಎಲ್ಲರಿಗೂ ಗೊತ್ತಾಗುವ ಸಂಗತಿ, ಏಕೆಂದರೆ ಅಂಗೈ ನೋಯುತ್ತದೆ. ನೋವು ಕೊಡದ ಇನ್ನೊಂದು ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಬಗೆಯ ರಿವಾಲ್ವರಿನ ಟ್ರಿಗರನ್ನು ಪೂರ್ತಿ ಎಳೆಯಲು ಸುಮಾರು ಐದು ಕೆಜಿಯಷ್ಟು ಬಲ ಬೇಕು. ಅಂದರೆ ಆಯುಧದ ತೂಕದ ಹತ್ತು ಪಟ್ಟಿಗೂ ಮೀರಿದ ಬಲ ಒಂದೇ ಬೆರಳಿನಿಂದ ಬೀಳಬೇಕು, ಅಷ್ಟು ಹೊತ್ತು ನಳಿಗೆ ಅಲುಗದೆ ನಿಲ್ಲಬೇಕು. ಅದನ್ನು ಅಲುಗದಂತೆ ಹಿಡಿಯಬೇಕಾದದ್ದು ಉಳಿದ ಬೆರಳುಗಳು, ಅವುಗಳಿಗೆ ಆಸರೆ ಹಿಡಿಯೊಂದೇ. ಗುಂಡು ಗುರಿ ತಪ್ಪುವುದು ಒದೆತದಿಂದ ಎಂದುಕೊಳ್ಳುವವರಿದ್ದಾರೆ. ಒದೆತ ಕೈಗೆ ತಟ್ಟುವ ಹೊತ್ತಿಗೆ ಗುಂಡು ನಳಿಗೆ ದಾಟಿರುತ್ತದೆ ಅಥವಾ ದಾಟುತ್ತಿರುತ್ತದೆ. ಗುರಿ ಕೆಡುವುದು ಬಹುಮಟ್ಟಿಗೆ ಅದಕ್ಕೂ ಮುಂಚೆ, ಟ್ರಿಗರ್ ಎಳೆಯುವಾಗ.

ಹಿಡಿಯ ಬಗೆಗಳನ್ನು ಈ ಕಣ್ಣಿನಿಂದ ನೋಡಬೇಕು. ಹಳೆಯ ಕಾರ್ಖಾನೆ ಹಿಡಿ ಎಂದರೆ ಚೌಕಟ್ಟಿನ ಎರಡು ಮಗ್ಗುಲಿಗೆ ಕೂರಿಸಿದ ತೆಳು ಮರದ ಹಲಗೆಗಳು. ಟ್ರಿಗರ್ ಕಾಪಿನ ಹಿಂದೆ ಅಲ್ಲೊಂದು ಟೊಳ್ಳು ಉಳಿಯುತ್ತದೆ. ಗುಂಡು ಹಾರಿದಾಗ ಕಾಪಿನ ಅಂಚು ನಡುಬೆರಳಿನ ಗೆಣ್ಣಿಗೆ ಬಡಿಯುತ್ತದೆ. ಆ ಟೊಳ್ಳು ತುಂಬಲೆಂದೇ ಟೈಲರ್ ಹೆಸರಿನ ಲೋಹದ ತುಂಡೊಂದು ದಶಕಗಳಿಂದ ಮಾರಾಟದಲ್ಲಿದೆ. ಕ್ರೇಗ್ ಸ್ಪೀಗಲ್ ರೂಪಿಸಿದ ಮೋಟು ‘ಬೂಟ್’ ಹಿಡಿ ಚೆನ್ನಾಗಿ ಅಡಗುತ್ತದೆ, ಆದರೆ ಕಿರುಬೆರಳಿಗೆ ಜಾಗವಿಲ್ಲ. ಪ್ಯಾಕ್‌ಮೇರ್‌ನಂಥ ಕಂಪನಿಗಳ ದಪ್ಪ ರಬ್ಬರ್ ಹಿಡಿಗಳಲ್ಲಿ ಕೆಲವು ಚೌಕಟ್ಟಿನ ಬೆನ್ನಿನ ಲೋಹವನ್ನೂ ಮುಚ್ಚುತ್ತವೆ. ಅಂಗಡಿಯಲ್ಲಿ ಕೈಗೆತ್ತಿಕೊಂಡರೆ ಇಂಥದ್ದೇ ಹಿತ. ಎಡವಟ್ಟು ಇರುವುದೂ ಇಲ್ಲೇ. ಬೆನ್ನಿಗೆ ಕೆಲವೇ ಮಿಲಿಮೀಟರ್ ರಬ್ಬರ್ ಬಂದರೂ ಅಂಗೈ ಅಷ್ಟು ಹಿಂದೆ ಸರಿಯುತ್ತದೆ, ಟ್ರಿಗರ್ ದೂರವಾಗುತ್ತದೆ. ಉದ್ದ ಬೆರಳಿನವರಿಗೆ ಅದು ಅನುಕೂಲವೇ. ಗಿಡ್ಡ ಬೆರಳಿನವರ ತುದಿ ಟ್ರಿಗರಿನ ಅಂಚನ್ನಷ್ಟೇ ಮುಟ್ಟುತ್ತದೆ. ಐದು ಕೆಜಿ ಬಲ ಹಾಕಲು ಇಡೀ ಕೈಯನ್ನೇ ತಿರುಚಬೇಕಾಗುತ್ತದೆ, ನಳಿಗೆ ಪಕ್ಕಕ್ಕೆ ಹೊರಳುತ್ತದೆ. ಒದೆತ ತಾಳಲಿ ಎಂದು ಸಣ್ಣ ಕೈಯವರಿಗೆ ದಪ್ಪ ಹಿಡಿ ಕೊಡಿಸುವುದು, ಹಾಗಾಗಿ, ಅವರಿಗೆ ಮಾಡುವ ಅಪಕಾರ. ಪರೀಕ್ಷೆ ಸುಲಭ: ಗುಂಡಿಲ್ಲವೆಂದು ಎರಡು ಸಲ ನೋಡಿಕೊಂಡು, ನಳಿಗೆ ಮುಂಗೈಯ ನೇರಕ್ಕೆ ಬರುವಂತೆ ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಟ್ರಿಗರಿನ ಮೇಲೆ ಕೂರಬೇಕು. ಕೂರದಿದ್ದರೆ ಆ ಹಿಡಿ ಎಷ್ಟೇ ಮೆತ್ತಗಿದ್ದರೂ ಬೇಡ. ಜೊತೆಗೆ ಎಡ ಮಗ್ಗುಲನ್ನೂ ನೋಡಬೇಕು. ಅಲ್ಲಿ ಮೇಲ್ಭಾಗ ದಪ್ಪವಿದ್ದರೆ ಖಾಲಿ ಕಾಡತೂಸು ಹೊರಬೀಳುವಾಗ ಸಿಕ್ಕಿಕೊಳ್ಳುತ್ತದೆ.

ಬಚ್ಚಿಡಲಾಗದ ಹಿಡಿ ಕಟ್ಟಿಕೊಂಡು ಮಾಡುವುದೇನು ಎಂಬ ಆಕ್ಷೇಪವನ್ನು ಸುಲಭಕ್ಕೆ ತಳ್ಳಿಹಾಕುವಂತಿಲ್ಲ. ನಳಿಗೆ ಬಟ್ಟೆಯಡಿ ಅಡಗುತ್ತದೆ, ಉಬ್ಬಿ ಕಾಣುವುದು ಹಿಡಿಯ ಬುಡವೇ. ರಬ್ಬರಿಗೆ ಇನ್ನೊಂದು ಚಾಳಿ, ಜೇಬಿನ ಒಳಬಟ್ಟೆಗೆ ಅಂಟಿಕೊಳ್ಳುವುದು. ನುಣುಪು ಮರ ಜಾರಿ ಈಚೆ ಬರುತ್ತದೆ. ಜೇಬಿನಲ್ಲೇ ಇಡುವವರು ಮೋಟು ಮರದ ಹಿಡಿಗೆ ಹೋಗುವುದು ತಪ್ಪಲ್ಲ, ಸೊಂಟಕ್ಕೆ ಕಟ್ಟುವವರಿಗೆ ಆ ನಿರ್ಬಂಧವಿಲ್ಲ. ಆದರೆ ಮೋಟು ಮಾಡುವುದು ಬುಡವನ್ನು. ಟ್ರಿಗರಿನ ದೂರ ತೀರ್ಮಾನವಾಗುವುದು ಬೆನ್ನಿನಲ್ಲಿ. ಎರಡಕ್ಕೂ ಜಗಳವಿಲ್ಲ. ಪರ್ಸಿನಲ್ಲಿಡುವ ಮಾತು ಮಾತ್ರ ಒಪ್ಪತಕ್ಕದ್ದಲ್ಲ. 2014ರ ಡಿಸೆಂಬರಿನಲ್ಲಿ ಅಮೆರಿಕದ ಐಡಹೊ ರಾಜ್ಯದ ಅಂಗಡಿಯೊಂದರಲ್ಲಿ ಎರಡು ವರ್ಷದ ಮಗು ತಾಯಿಯ ಪರ್ಸಿಗೆ ಕೈಹಾಕಿ ಅಲ್ಲಿದ್ದ ಪಿಸ್ತೂಲು ಹಾರಿಸಿತು, ತಾಯಿ ಸತ್ತಳು. ಪ್ರಾಣಭಯದಲ್ಲಿ ಒದೆತ ಯಾರಿಗೆ ಗೊತ್ತಾಗುತ್ತದೆ ಎನ್ನುವವರೂ ಇದ್ದಾರೆ. ಆ ಗಳಿಗೆಯಲ್ಲಿ ಗೊತ್ತಾಗದಿರಬಹುದು, ಅಭ್ಯಾಸದ ಮೈದಾನದಲ್ಲಿ ಗೊತ್ತಾಗುತ್ತದೆ. ಕೈ ನೋಯಿಸುವ ರಿವಾಲ್ವರನ್ನು ಮತ್ತೆ ಅಭ್ಯಾಸಕ್ಕೆ ಒಯ್ಯುವವರು ಕಡಿಮೆ.

ಬಂದೂಕೇ ಬೇಡವೆನ್ನುವ ಓದುಗರಿಗೆ ಇದೆಲ್ಲ ಯಾಕೆ ಎನಿಸಬಹುದು. ಅವರ ಅಳುಕಿಗೆ ಆಧಾರವಿದೆ: ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು, ಅದಕ್ಕೆ ಯಾವ ಹಿಡಿಯೂ ಮದ್ದಲ್ಲ. ಅಲ್ಲಿನ ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಆಯುಧ ಬಚ್ಚಿಟ್ಟು ಓಡಾಡಲು ಪರವಾನಗಿಯೂ ಬೇಕಿಲ್ಲ. ನಮ್ಮಲ್ಲಿ ಪರವಾನಗಿ ಸಿಗುವುದೇ ಕಷ್ಟ, ಕಷ್ಟವಾಗಿಯೇ ಇರಲಿ. ಆದರೆ ಕಾನೂನು ಒಪ್ಪಿ ಕೊಟ್ಟ ಆಯುಧ ಕೊಂಡವರ ಹಿಡಿತಕ್ಕೆ ಸಿಗದೆ ಗುಂಡು ಅಡ್ಡಾದಿಡ್ಡಿ ಹೋದರೆ ಅಪಾಯ ಅಕ್ಕಪಕ್ಕದವರಿಗೆ. ನಿರ್ಭೀಕ್‌ನ .32 ಗುಂಡಿನ ಒದೆತ .38ರಷ್ಟಿಲ್ಲ, ನಿಜ. ಹಾಗಿದ್ದರೆ ತೂಕದ ಬಡಾಯಿಯನ್ನು ಬದಿಗಿಟ್ಟು ಬೆರಳಿನ ಅಳತೆಗೆ ಗಮನ ಕೊಡಲು ಇನ್ನೂ ಅನುಕೂಲ. ಹೆಂಗಸರ ಕೈಯೆಲ್ಲ ಒಂದೇ ಅಳತೆಯದಲ್ಲ, ಗಂಡಸರದ್ದೂ ಅಲ್ಲ. ಲಕ್ಷಕ್ಕೂ ಮೀರಿ ಬೆಲೆಯಿಟ್ಟು ಇಂಥ ರಿವಾಲ್ವರ್ ಮಾರುವ ಕಾರ್ಖಾನೆಗಳು ಒಡವೆ ಡಬ್ಬಿಯ ಖರ್ಚು ಉಳಿಸಿ, ಅದರ ಬದಲು ಮೂರು ಅಳತೆಯ ಹಿಡಿಗಳನ್ನು ಕೊಡಲಿ.