ಕನ್ನಡ ಕಲಿತ ಜರ್ಮನಿ ಮೇಷ್ಟ್ರು

ಕಿಟ್ಟೆಲ್ ಅಂದ್ರೆ ನಮ್ಗೆಲ್ಲ ನೆನಪಾಗೋದು ದಪ್ಪನೆ ನಿಘಂಟು, ಉದ್ದ ಗಡ್ಡದ ಫೋಟೋ. ಬೆಂಗಳೂರಲ್ಲಿ ಪ್ರತಿಮೆ ಐತೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜೈತೆ. ಜರ್ಮನಿಯಿಂದ ಬಂದು ನಮಗೇ ಕನ್ನಡ ಹೇಳ್ಕೊಟ್ಟ ಮೇಷ್ಟ್ರು ಅಂತ ಭಾಷಣ ಮಾಡ್ತಾರೆ. ನಂಗೆ ಈ ಮಾತು ಅರ್ಧ ಮಾತ್ರ ಸರಿ ಅನ್ಸುತ್ತೆ. ಅವರು ಮೇಷ್ಟ್ರಾಗಿದ್ದು ಆಮೇಲೆ. ಮೊದಲು ತುಂಬಾ ವರ್ಷ, ತಪ್ಪು ತಪ್ಪಾಗಿ ಮಾತಾಡ್ಕಂಡು, ನಮ್ಮಂಥೋರ ಹತ್ರ ಕಲಿತ ಹುಡುಗ ಅವರು.

ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರಕ್ಕೆ, ರೆಸ್ಟರ್‌ಹಾಫೆ ಅನ್ನೋ ಸಣ್ಣ ಊರಲ್ಲಿ. ಬಾಸೆಲ್ ಮಿಷನ್ನಿನೋರು ಪಾದ್ರಿ ಕೆಲಸಕ್ಕೆ ತಯಾರು ಮಾಡಿ 1853ರಲ್ಲಿ ಈ ಕಡೆ ಕಳಿಸಿದ್ರು. ಆಗ ವಯಸ್ಸು ಇಪ್ಪತ್ತೊಂದು. ಬಂದಿದ್ದು ಮತ ಹೇಳೋಕೆ, ಅದನ್ನೇನು ಮುಚ್ಚಿಡೋದು ಬೇಡ. ಆದ್ರೆ ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಅಂತ ಊರೂರಲ್ಲಿ ಇದ್ದೂ ಇದ್ದೂ ಮನಸ್ಸು ಭಾಷೆಗೆ ಅಂಟ್ಕಂಡ್ತು. ಮಿಷನ್ನಿನ ದೊಡ್ಡೋರಿಗೆ ಈ ಹುಚ್ಚು ಅಷ್ಟೇನೂ ಹಿಡಿಸ್ಲಿಲ್ಲ. ಇವರು ಬಿಡ್ಲೂ ಇಲ್ಲ. ಸ್ಕೂಲಿನ ಮಕ್ಕಳಿಗೆ ಪಾಠದ ಪುಸ್ತಕ ಮಾಡಿದ್ರು, ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದಸ್ಸು ಅಚ್ಚು ಹಾಕಿಸಿದ್ರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಂದ ಕನ್ನಡ-ಇಂಗ್ಲಿಷ್ ನಿಘಂಟು ಬಂತು. ಹತ್ತತ್ರ 70,000 ಪದ, 1,700ಕ್ಕೂ ಮೇಲೆ ಪುಟ. ಬಂದ ಹುಡುಗ ಅಷ್ಟೊತ್ತಿಗೆ ಅರವತ್ತು ದಾಟಿದ್ರು.

ಆ ಪುಸ್ತಕದಲ್ಲಿ ಹಳೇ ಕಾವ್ಯದ ಮಾತು ಇರೋದು ದೊಡ್ಡ ವಿಷಯ ನಿಜ. ನಂಗೆ ಇಷ್ಟ ಅದಲ್ಲ. ತೂರು, ಕೇರು, ಜಾಲಿಸು ಇವನ್ನ ತಗಳಿ. ರಾಗಿನ ಗಾಳಿಗೆ ಹಿಡಿದು ತೂರೋದು ಕಣದಲ್ಲಿ. ಮೊರದಲ್ಲಿ ಕೇರೋದು ಜಗಲಿ ಮೇಲೆ. ನೀರಲ್ಲಿ ಆಡಿಸಿ ಕಲ್ಲು ತಳಕ್ಕೆ ಬಿಟ್ಟು ಜಾಲಿಸೋದು ಒಲೆ ಪಕ್ಕ. ಮೊದಲ್ನೇ ಎರಡಕ್ಕೂ ಇಂಗ್ಲಿಷಲ್ಲಿ ಒಂದೇ ಪದ ಇಟ್ಕಂಡು ಸುಮ್ನಾಗ್ತಾರೆ. ನಮ್ಮಲ್ಲಿ ಯಾವ ಕೈ, ಯಾವ ಜಾಗ, ಯಾವ ಹೊತ್ತು ಅಂತ ಪದವೇ ಹೇಳ್ಬಿಡ್ತೈತೆ. ಇಂಥವನ್ನ ಲೈಬ್ರರಿಲಿ ಕೂತೋರಿಗೆ ಯಾರು ಹೇಳ್ಕೊಡ್ತಾರೆ? ಪಂಡಿತರ ಸಹಾಯ ಇತ್ತು, ಹಳೇ ಓಲೆಗರಿ ಇತ್ತು. ಆದ್ರೆ ಮೊರದ ಮಾತು ಮೊರ ಹಿಡಿದೋರ ಬಾಯಿಂದಲೇ ಹೊರಟಿರ್ಬೇಕು, ನನ್ನ ಲೆಕ್ಕದಲ್ಲಿ. ಗಾದೆನೂ ತುಂಬ್ಕಂಡವ್ರೆ. ಇನ್ನೊಂದು, ಮೈಸೂರು ಸೀಮೆಯೋರು ಹಿಂಗಂತಾರೆ, ಉತ್ತರದ ಕಡೆಯೋರು ಹಂಗಂತಾರೆ ಅಂತ ಪದದ ಪಕ್ಕ ಗುರುತು ಹಾಕವ್ರೆ. ತಪ್ಪು ಅಂತ ಹೊಡೆದಾಕ್ಲಿಲ್ಲ, ಎಲ್ಲಿದು ಅಂತ ಬರ್ಕಂಡ್ರು. ನಮ್ಮ ಮಕ್ಕಳು ಸ್ಕೂಲಲ್ಲಿ "ಆಲು, ಅಣ್ಣು" ಅಂದ್ರೆ ಕ್ಲಾಸೆಲ್ಲ ನಗೋದು ನೆನೆಸ್ಕಂಡ್ರೆ ಈ ಗುರುತಿನ ಬೆಲೆ ಗೊತ್ತಾಗ್ತೈತೆ.

ಮನೆ ಕಡೆದೂ ಒಂದು ಮಾತು ಹೇಳ್ಬೇಕು, ಭಾಷಣದಲ್ಲಿ ಬರದೇ ಇರೋದು. ಹೆಂಡ್ತಿ ಪೌಲಿನ್ ಚಿಕ್ಕ ವಯಸ್ಸಲ್ಲೇ ತೀರ್ಕಂಡ್ರು. ಆಮೇಲೆ ಆಕೆ ತಂಗಿ ಜೂಲೀನೇ ಮದುವೆಯಾಗಿ ಬಂದು ಮನೆ ಹಿಡಿದ್ರು. ಅಕ್ಕ ಹೋದ ಮನೆಗೆ ತಂಗಿ ಹೋಗೋದು ಅಂದ್ರೇನು ಅಂತ ನಿಮಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಒಬ್ಬರು ಅಷ್ಟು ವರ್ಷ ಪದ ಕೂಡಿಡ್ಬೇಕಾದ್ರೆ ಇನ್ನೊಬ್ಬರು ಒಲೆ ಮುಂದೆ ಇರ್ಲೇಬೇಕು.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡ್ತು. 1903ರಲ್ಲಿ ಕನ್ನಡ ವ್ಯಾಕರಣ ಅಚ್ಚಾಯ್ತು, ಅದೇ ವರ್ಷ ಡಿಸೆಂಬರ್‌ನಲ್ಲಿ ಟ್ಯೂಬಿಂಗೆನ್ನಲ್ಲೇ ಹೋಗ್ಬಿಟ್ರು. ಆಮೇಲೆ ಎಂ. ಮರಿಯಪ್ಪ ಭಟ್ಟರು ನಿಘಂಟನ್ನ ತಿದ್ದಿ ಬೆಳೆಸಿದ್ರು, ಮದ್ರಾಸ್ ವಿಶ್ವವಿದ್ಯಾಲಯ ನಾಕು ಸಂಪುಟ ಮಾಡಿ ತಂತು.

ಇದನ್ನೆಲ್ಲ ಈಗ ಯಾಕೆ ತೆಗೆದೆ ಅಂದ್ರೆ, ಗಂಡಸಿ ಕಡೆ ನರ್ಸಿಂಗ್ ಓದಿದ ಹುಡುಗೀರು ಈಗ ಜರ್ಮನ್ ಕಲೀತಾವ್ರೆ. ನಮ್ಮ ಬೀದಿಲೂ ಒಬ್ಳವ್ಳೆ, ಇಪ್ಪತ್ತನಾಕು ವರ್ಷ. ಆ ದೇಶದ ಆಸ್ಪತ್ರೇಲಿ ಪೂರ್ತಿ ನರ್ಸಾಗಿ ಸೇರೋಕೆ ಸಾಮಾನ್ಯವಾಗಿ ಬಿ2 ಮಟ್ಟದ ಪರೀಕ್ಷೆ ಪಾಸಾಗ್ಬೇಕು. ಅವರ ಭಾಷೇಲಿ ಚಮಚ ಗಂಡು, ಡೇರ್ ಲ್ಯೋಫೆಲ್. ಮುಳ್ಳುಚಮಚ ಹೆಣ್ಣು, ಡೀ ಗಾಬೆಲ್. ಚಾಕು ಎರಡೂ ಅಲ್ಲ, ದಾಸ್ ಮೆಸ್ಸರ್. ತಮಾಷೆ ಅಂದ್ರೆ ಹುಡುಗಿ ಅನ್ನೋ ಪದವೂ ನಪುಂಸಕ, ದಾಸ್ ಮೇಡ್‌ಶೆನ್. (ನಾವೂ ಮುದ್ದಿಗೆ "ಎಲ್ಲೋಯ್ತು ಕೂಸು" ಅಂತೀವಲ್ಲ, ಹಂಗೆ ಅಂದ್ಕಳಿ.) ಅವಳು ಇವನ್ನ ಗಟ್ಟಿಯಾಗಿ ಬಾಯಿಪಾಠ ಮಾಡಿದ್ರೆ ಜಗಲಿ ಮೇಲಿನೋರು ನಗ್ತಾರೆ. "ಈ ವಯಸ್ಸಲ್ಲಿ ಅಆಇಈ ತಿದ್ತಾವಳೆ" ಅಂತಾರೆ. ಬಿಳಿ ದೊರೆ ಬಂದು ಎರಡು ಕನ್ನಡ ಪದ ತಪ್ಪಾಗಿ ಅಂದ್ರೆ ಇದೇ ಜಗಲಿ ಚಪ್ಪಾಳೆ ತಟ್ಟುತ್ತೆ. ಇದ್ಯಾವ ನ್ಯಾಯ ಕಣ್ರವ್ವ?

ನಗು ಹೋಗ್ಲಿ ಬಿಡಿ, ಅದಕ್ಕಿಂತ ಕೆಡುಕು ಇನ್ನೊಂದೈತೆ. ಸರಿಯಾಗಿ ಕ್ಲಾಸಿನ ಹೊತ್ತಿಗೇ "ಎಸರಿಡು ಬಾ" ಅಂತ ಒಳಗಿಂದ ಕೂಗ್ತಾರೆ. ತಮ್ಮ ಅಲ್ಲೇ ಫೋನ್ ಉಜ್ಕಂಡು ಕೂತಿರ್ತಾನೆ, ಅವನಿಗೆ ಎಸರಿಡೋಕೆ ಯಾರೂ ಹೇಳಲ್ಲ. ಕಿಟ್ಟೆಲ್ ಮನೇಲಿ ಜೂಲಿ ಇದ್ರು. ಇವಳ ಮನೇಲಿ ಜೂಲಿನೂ ಇವಳೇ, ಕಿಟ್ಟೆಲ್ಲೂ ಇವಳೇ.

ಹೋದ ಸಲ ಪರೀಕ್ಷೇಲಿ ಒಂದು ಭಾಗ ಹೋಯ್ತು. ಅಷ್ಟಕ್ಕೇ ನೆಂಟರು ಶುರು ಮಾಡವ್ರೆ, ಫೇಲಾದ್ಲು, ಸಾಕು, ಗಂಡು ನೋಡಿ ಅಂತ. ಆ ದೊಡ್ಡವ್ವ, ಅತ್ತೆಮ್ಮಂದಿರಿಗೆ ಒಂದು ವಿಷಯ ತಿಳಿದಿರ್ಲಿ. ಗಯಟೆ ಸಂಸ್ಥೆಯ ಬಿ2 ಪರೀಕ್ಷೇಲಿ ಓದೋದು, ಕೇಳೋದು, ಬರೆಯೋದು, ಮಾತಾಡೋದು ಅಂತ ನಾಕು ಭಾಗ. ಒಂದು ಹೋದ್ರೆ ಅದೊಂದನ್ನೇ ಮತ್ತೆ ಬರೀಬೋದು, ಗೆದ್ದ ಮೂರು ಎಲ್ಲೂ ಹೋಗಲ್ಲ. ಇವಳಿಗೆ ಉಳಿದಿರೋದು ಕೇಳೋದು. ರಾತ್ರಿ ಒಂದು ಗಂಟೆ ಹೊತ್ತು ಅಕ್ಕಪಕ್ಕದೋರು ಸೀರಿಯಲ್ ಸೌಂಡ್ ಸ್ವಲ್ಪ ಕಮ್ಮಿ ಮಾಡಿ. ಎಸರು ತಮ್ಮ ಇಡ್ತಾನೆ.