ಬೃಹತ್ ಕಾಮಗಾರಿಗಳಿಗೆ ಏಕೀಕೃತ ವಿಮೆ: ರಕ್ಷಣೆಯ ವ್ಯಾಪ್ತಿ

ಬೃಹತ್ ಸರ್ಕಾರಿ ಕಾಮಗಾರಿಗಳಲ್ಲಿ ಗುತ್ತಿಗೆದಾರರು, ಉಪಗುತ್ತಿಗೆದಾರರು ಪ್ರತ್ಯೇಕವಾಗಿ ವಿಮೆ ಮಾಡಿಸುವ ಬದಲು, ಯೋಜನೆಯ ಮಾಲೀಕ ಸಂಸ್ಥೆಯೇ ಎಲ್ಲರನ್ನೂ ಒಳಗೊಂಡ ಒಂದೇ ಪಾಲಿಸಿ ಪಡೆಯುವುದನ್ನು ಏಕೀಕೃತ ವಿಮೆ ಎನ್ನಲಾಗುತ್ತದೆ. ಅವಘಡದ ನಂತರ ಹೊಣೆ ಯಾರದೆಂಬ ತಕರಾರು ಇದರಿಂದ ಬಹುಮಟ್ಟಿಗೆ ತಪ್ಪುತ್ತದೆ. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೋ ಕಂಬದ ಕಬ್ಬಿಣದ ಚೌಕಟ್ಟು ಉರುಳಿ ತಾಯಿ, ಮಗು ಮೃತಪಟ್ಟರು. ಇಂತಹ ದಾರಿಹೋಕರ ಹಾನಿಯು ನಿರ್ಮಾಣ ವಿಮೆಯ 'ಮೂರನೇ ವ್ಯಕ್ತಿ' ಭಾಗಕ್ಕೆ ಸೇರುತ್ತದೆ. ಕಾಮಗಾರಿಯ ಕಾರ್ಮಿಕರು ಸಾಮಾನ್ಯವಾಗಿ ಆ ಭಾಗದಲ್ಲಿ ಬರುವುದಿಲ್ಲ.

ನಮ್ಮ ಜಿಲ್ಲೆಯ ಮಟ್ಟಿಗೆ ಇನ್ನೂ ಒಂದು ಕೊರತೆಯಿದೆ. 2022ರ ಮಾರ್ಚ್ 4ರಂದು ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಕ್ವಾರಿಯಲ್ಲಿ ಗುಡ್ಡ ಕುಸಿದು ಕಾರ್ಮಿಕರು ಮೃತಪಟ್ಟರು. ಕ್ವಾರಿಯ ಕಲ್ಲು ರಸ್ತೆ, ಸೇತುವೆಗಳಿಗೆ ಬಳಕೆಯಾದರೂ, ಕಾಮಗಾರಿಯ ಪಾಲಿಸಿಯು ಸಾಮಾನ್ಯವಾಗಿ ಆ ಕಾಮಗಾರಿಯ ಸ್ಥಳಕ್ಕಷ್ಟೇ ಸೀಮಿತ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೂ ಗಣಿ ಕೆಲಸವನ್ನು ಹೊರಗಿಟ್ಟಿತ್ತು.

ಇಂತಹವರಿಗೆ ಆಧಾರವಾಗಿದ್ದುದು 1923ರ ನೌಕರರ ಪರಿಹಾರ ಕಾಯ್ದೆ. 2025ರ ನವೆಂಬರ್ 21ರಿಂದ ಅದರ ಸ್ಥಾನದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಯಲ್ಲಿದೆ. ಮೇಸ್ತ್ರಿಯ ಮೂಲಕ ಕೆಲಸಕ್ಕೆ ಸೇರಿದವರ ಕುಟುಂಬದವರೂ ಕ್ವಾರಿ ನಡೆಸುವವರಿಂದಲೇ ಪರಿಹಾರ ಕೋರಬಹುದು. ಮರಣದ ದಿನಾಂಕದಿಂದ 2 ವರ್ಷದೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಹೊರರಾಜ್ಯದ ಕಾರ್ಮಿಕರ ಬಳಿ ದಾಖಲೆಗಳಿರುವುದು ಅಪರೂಪ. ಕೂಲಿ ಪಾವತಿಯ ಚೀಟಿ ಅಥವಾ ಬ್ಯಾಂಕ್ ಜಮೆಯ ವಿವರ ಇದ್ದಲ್ಲಿ ಅರ್ಜಿಯೊಂದಿಗೆ ಲಗತ್ತಿಸುವುದು.