ಹೊಸೂರಿನ ಗಾಯಾಳು, ಕಣ್ಣಿನ ಸ್ಕ್ಯಾನ್ ಮತ್ತು ಒಂದು ಕಾನೂನು

ಕೃಷ್ಣಗಿರಿ, ಶೂಳಗಿರಿ, ಹೊಸೂರು, ಅತ್ತಿಬೆಲೆ. ರಾಷ್ಟ್ರೀಯ ಹೆದ್ದಾರಿ 44ರ ಈ ಭಾಗದಲ್ಲಿ ಯಾರದಾದರೂ ತಲೆಗೆ ಪೆಟ್ಟು ಬಿದ್ದರೆ ಮೊದಲು ಕೇಳಿಬರುವ ಹೆಸರು ನಿಮ್ಹಾನ್ಸ್. ತಮಿಳು, ತೆಲುಗು, ಕನ್ನಡ ಬೆರೆತ ಈ ಸೀಮೆಯಲ್ಲಿ ಮೂರೂ ಭಾಷೆಯವರು ಆಗ ಹಿಡಿಯುವ ದಾರಿ ಒಂದೇ. ಹೊಸೂರು ಬೆಳೆಯುತ್ತಾ ತನ್ನೊಳಗೆ ಸೇರಿಸಿಕೊಂಡ ಆಲಸನತ್ತಂನಂಥ ಊರುಗಳಿಂದ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಬೈಕಿನಲ್ಲಿ ಓಡಾಡುವ ದುಡಿಯುವ ಜನರಿಗೆ ಬೆಂಗಳೂರಿನ ಆ ಆಸ್ಪತ್ರೆ ಅದೇ ಹೊಸೂರು ರಸ್ತೆಯ ಇನ್ನೊಂದು ತುದಿ. ದೂರ 40 ಕಿ.ಮೀ.ಗೂ ಕಡಿಮೆ. ಆದರೆ ಚಂದಾಪುರ, ಬೊಮ್ಮಸಂದ್ರ, ಸಿಲ್ಕ್ ಬೋರ್ಡ್ ದಾಟಲು ಎಷ್ಟು ಹೊತ್ತು ಬೇಕೆಂದು ಯಾರೂ ಖಚಿತವಾಗಿ ಹೇಳಲಾರರು.

ಆ ಹೊತ್ತಿನಲ್ಲಿ ತಲೆಬುರುಡೆಯೊಳಗಿನ ಒತ್ತಡ ಏರುತ್ತಿದೆಯೇ ಎಂಬುದೇ ಜೀವನ್ಮರಣದ ಪ್ರಶ್ನೆ. ಬುರುಡೆ ಹಿಗ್ಗುವುದಿಲ್ಲ. ಮಿದುಳು, ರಕ್ತ, ಮಿದುಳು ದ್ರವ ಈ ಮೂರರಲ್ಲಿ ಒಂದು ಹೆಚ್ಚಿದರೆ ಉಳಿದವು ಜಾಗ ಬಿಟ್ಟುಕೊಡಬೇಕು. ಬಿಟ್ಟುಕೊಡಲು ಏನೂ ಉಳಿಯದಾಗ ಒತ್ತಡ ಒಮ್ಮೆಲೇ ಏರುತ್ತದೆ. ಸ್ಕಾಟ್ಲೆಂಡಿನ ಮನ್ರೋ 1783ರಲ್ಲಿ, ಕೆಲ್ಲಿ 1824ರಲ್ಲಿ ಬರೆದ ಈ ತತ್ವ ಇಂದಿಗೂ ನರಶಸ್ತ್ರಚಿಕಿತ್ಸೆಯ ಮೊದಲ ಪಾಠ. ಮಲಗಿರುವ ಆರೋಗ್ಯವಂತ ವಯಸ್ಕರಲ್ಲಿ ಈ ಒತ್ತಡ ಪಾದರಸದ 15 ಮಿ.ಮೀ. ಒಳಗಿರುತ್ತದೆ. 22 ದಾಟಿದರೆ ಚಿಕಿತ್ಸೆ ಬೇಕು ಎನ್ನುತ್ತದೆ ಅಮೆರಿಕದ ಬ್ರೈನ್ ಟ್ರಾಮಾ ಫೌಂಡೇಶನ್ 2016ರಲ್ಲಿ ಕೊಟ್ಟ ಮಾರ್ಗಸೂಚಿ. ಅದನ್ನು ನೇರವಾಗಿ ಅಳೆಯಲು ಬುರುಡೆಯಲ್ಲಿ ರಂಧ್ರ ಕೊರೆದು ಒಳಗೆ ನಳಿಕೆಯನ್ನೋ ತಂತಿಯನ್ನೋ ಇಡಬೇಕು. ಅದಕ್ಕೆ ನರಶಸ್ತ್ರಚಿಕಿತ್ಸಕರು ಬೇಕು. ಸೋಂಕು, ರಕ್ತಸ್ರಾವದ ಅಪಾಯವೂ ಇದೆ. ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ ಅದು ಆಗುವ ಮಾತಲ್ಲ.

ಕಣ್ಣಿನ ಹಿಂದೆ ಒಂದು ಬೇರೆ ದಾರಿಯಿದೆ. ದೃಷ್ಟಿನರ ಬೇರೆ ನರಗಳಂತಲ್ಲ, ಮಿದುಳಿನದೇ ಚಾಚು. ಮಿದುಳನ್ನು ಸುತ್ತಿರುವ ಪೊರೆಗಳೇ ಅದನ್ನೂ ಸುತ್ತಿವೆ, ಅದೇ ದ್ರವ ಅಲ್ಲಿಯೂ ಹರಿಯುತ್ತದೆ. ಕಾಲುವೆಯಲ್ಲಿ ನೀರು ಹೆಚ್ಚಾದರೆ ಕೊನೆಯ ಗದ್ದೆಯ ಬದುವಿನಲ್ಲಿ ಗೊತ್ತಾಗುವಂತೆ, ಬುರುಡೆಯೊಳಗೆ ಒತ್ತಡ ಏರಿದರೆ ಕಣ್ಣುಗುಡ್ಡೆಯ ಹಿಂದಿನ ಈ ಹೊದಿಕೆ ಉಬ್ಬುತ್ತದೆ. ಅದೂ ಕೆಲವೇ ನಿಮಿಷಗಳಲ್ಲಿ. ಆಫ್ತಲ್ಮೋಸ್ಕೋಪ್ ಹಿಡಿದು ಅಕ್ಷಿಪಟಲ ನೋಡುವ ಹಳೆಯ ವಿಧಾನದಲ್ಲಿ ನರದ ತುದಿ ಊದಿಕೊಂಡದ್ದು ಕಾಣಲು ಗಂಟೆಗಳು, ಒಮ್ಮೊಮ್ಮೆ ದಿನಗಳೇ ಬೇಕು. ಮುಚ್ಚಿದ ರೆಪ್ಪೆಯ ಮೇಲೆ ಧಾರಾಳವಾಗಿ ಜೆಲ್ ಹಾಕಿ, ಒತ್ತದೆ ಅಲ್ಟ್ರಾಸೌಂಡ್ ಪ್ರೋಬ್ ತಾಗಿಸಿ, ಗುಡ್ಡೆಯಿಂದ 3 ಮಿ.ಮೀ. ಹಿಂದೆ ಹೊದಿಕೆಯ ಅಗಲ ಅಳೆಯುವುದು: ಇಷ್ಟೇ ಪರೀಕ್ಷೆ. ಜರ್ಮನಿಯ ಹೆಲ್ಮ್‌ಕೆ ಮತ್ತು ಹಾನ್ಸೆನ್ 1996ರಲ್ಲಿ ಇದರ ತಳಹದಿಯನ್ನು ವಿವರವಾಗಿ ಪ್ರಕಟಿಸಿದರು. 2019ರಲ್ಲಿ ‘ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ 71 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ತಲೆಗೆ ಪೆಟ್ಟಾಗಿ ಒತ್ತಡ ಏರಿದ್ದ 100 ಮಂದಿಯಲ್ಲಿ ಸುಮಾರು 97 ಮಂದಿಯನ್ನು ಈ ಪರೀಕ್ಷೆ ಗುರುತಿಸುತ್ತದೆ, ಏರದಿದ್ದ 100 ಮಂದಿಯಲ್ಲಿ ಸುಮಾರು 86 ಮಂದಿಯನ್ನು ಸರಿಯಾಗಿ ಹೊರಗಿಡುತ್ತದೆ ಎಂಬುದು ಅದರ ಲೆಕ್ಕ.

ಇಷ್ಟಕ್ಕೇ ಸಿ.ಟಿ. ಸ್ಕ್ಯಾನ್ ಬೇಡ ಎಂದು ಹೊರಡುವವರನ್ನು ನಾನು ನಂಬುವುದಿಲ್ಲ. ಸಹಜ ಮತ್ತು ಅಪಾಯದ ನಡುವಿನ ಅಂತರ ಅರ್ಧ ಮಿಲಿಮೀಟರು. ಪ್ರೋಬ್ ಸ್ವಲ್ಪ ವಾಲಿದರೂ ನೆರಳನ್ನೇ ಹೊದಿಕೆಯೆಂದು ಅಳೆದುಬಿಡಬಹುದು. 5 ಮಿ.ಮೀ. ದಾಟಿದರೆ ಅಪಾಯ ಎಂಬ ಗೆರೆಯೂ ಎಲ್ಲರಿಗೂ ಒಂದೇ ಅಲ್ಲ. ಭಾರತೀಯ ರೋಗಿಗಳನ್ನು ನೋಡಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೆಂಗಸರಿಗೆ 4.6, ಗಂಡಸರಿಗೆ 4.8 ಎಂದಿತು, ಮಕ್ಕಳಲ್ಲಿ ಇನ್ನೂ ಕಡಿಮೆ. ಕಣ್ಣುಗುಡ್ಡೆಯೇ ಒಡೆದಿರಬಹುದೆಂಬ ಅನುಮಾನವಿದ್ದರೆ ಪ್ರೋಬ್ ಮುಟ್ಟಿಸಲೇಬಾರದು. ರಸ್ತೆ ಅಪಘಾತದಲ್ಲಿ ಇದು ಅಪರೂಪದ ಅನುಮಾನವೇನೂ ಅಲ್ಲ. ರಕ್ತ ಎಲ್ಲಿ ಹೆಪ್ಪುಗಟ್ಟಿದೆ, ಯಾವ ಕಡೆ ತೆರೆಯಬೇಕು ಎಂಬುದನ್ನು ಕಣ್ಣಿನ ಸ್ಕ್ಯಾನ್ ಎಂದೂ ಹೇಳದು.

ಅದರ ಬೆಲೆ ಇರುವುದು ಬೇರೆಡೆ. ಸಿ.ಟಿ. ಒಂದು ಗಳಿಗೆಯ ಚಿತ್ರ ಮಾತ್ರ, ಮಿದುಳಿನ ಬಾವು ಆಮೇಲೂ ಏರುತ್ತಲೇ ಇರುತ್ತದೆ. ವೆಂಟಿಲೇಟರಿನಲ್ಲಿರುವ, ಮಂಪರಿನ ಔಷಧಿ ಕೊಟ್ಟಿರುವ ರೋಗಿಯನ್ನು ಗಂಟೆಗೊಮ್ಮೆ ಸಿ.ಟಿ. ಕೋಣೆಗೆ ಸಾಗಿಸಲಾಗದು. ಹಾಸಿಗೆ ಪಕ್ಕದಲ್ಲೇ ಕಣ್ಣನ್ನು ಮತ್ತೆ ಮತ್ತೆ ನೋಡಬಹುದು. ಮೊದಲು 4.5 ಇದ್ದದ್ದು ಎರಡು ಗಂಟೆಯಲ್ಲಿ 5.6 ಆದರೆ ಆ ಏರಿಕೆಯೇ ಎಚ್ಚರಿಕೆ. ಬೊಲಿವಿಯಾ ಮತ್ತು ಈಕ್ವೆಡಾರ್ ಆಸ್ಪತ್ರೆಗಳಲ್ಲಿ 324 ಗಾಯಾಳುಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಬುರುಡೆಯೊಳಗೆ ಮಾಪಕ ಇಟ್ಟು ಚಿಕಿತ್ಸೆ ಕೊಟ್ಟವರಿಗೂ, ಸಿ.ಟಿ. ಸ್ಕ್ಯಾನ್ ಹಾಗೂ ಪದೇ ಪದೇ ಪರೀಕ್ಷಿಸಿದ್ದನ್ನೇ ನಂಬಿ ಚಿಕಿತ್ಸೆ ಕೊಟ್ಟವರಿಗೂ ಕೊನೆಯ ಫಲದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ದುಬಾರಿ ಮಾಪಕವಿಲ್ಲದ ಊರು ಕೈಚೆಲ್ಲಿ ಕೂರಬೇಕಾಗಿಲ್ಲ, ಬಿಡದೆ ಗಮನಿಸುವ ಕ್ರಮವೊಂದಿದ್ದರೆ ಜೀವ ಉಳಿಸಬಹುದು ಎಂದು ನಾನು ಇದನ್ನು ಓದಿಕೊಂಡಿದ್ದೇನೆ. ಕಣ್ಣಿನ ಸ್ಕ್ಯಾನ್ ಆ ಕ್ರಮದ ಭಾಗವಾಗಬೇಕು.

ಆಗಲು ಅಡ್ಡಿ ಯಂತ್ರದ ಬೆಲೆಯಲ್ಲ. ಅಭ್ಯಾಸ ಮತ್ತು ಕಾನೂನು. ಸುಮಾರು 25 ಸ್ಕ್ಯಾನ್ ಮಾಡಿದರೆ ಹೊಸಬರ ಕೈ ಹದಕ್ಕೆ ಬರುತ್ತದೆನ್ನುತ್ತಾರೆ. ಅಭ್ಯಾಸದ ತೊಡಕು ಅಷ್ಟೇ. ಕಾನೂನಿನದು ಆಳವಾದ ವಿಷಯ. 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯ ಅಡಿ ಅಲ್ಟ್ರಾಸೌಂಡ್ ಯಂತ್ರಗಳು ನೋಂದಣಿಯಾಗಬೇಕು. 2012ರಲ್ಲಿ ಸೇರಿಸಿದ ನಿಯಮದ ಪ್ರಕಾರ ಪೋರ್ಟಬಲ್ ಯಂತ್ರವನ್ನು ನೋಂದಾಯಿತ ಆಸ್ಪತ್ರೆಯ ಆವರಣದೊಳಗೆ ಒಳರೋಗಿಗಳಿಗೆ, ಇಲ್ಲವೇ ಹಲವು ಸೇವೆ ಕೊಡುವ ಸಂಚಾರಿ ವೈದ್ಯಕೀಯ ಘಟಕದಲ್ಲಿ ಮಾತ್ರ ಬಳಸಬಹುದು. 108 ಆಂಬುಲೆನ್ಸ್ ಈ ವರ್ಣನೆಗೆ ಸುಲಭವಾಗಿ ಹೊಂದದು.

ಈ ಬಿಗಿ ಅನ್ಯಾಯವೆಂದು ಬರೆಯಲು ಈ ನೆಲದಲ್ಲಿ ನಿಂತವರಿಗೆ ಮನಸ್ಸು ಬರಲಾರದು. ಹೆಣ್ಣುಶಿಶು ಹತ್ಯೆ ತಡೆಯಲು ತಮಿಳುನಾಡು 1992ರಲ್ಲಿ ಸೇಲಂನಲ್ಲಿ ತೊಟ್ಟಿಲ ಮಗು ಯೋಜನೆ ತಂದು, ಆಮೇಲೆ ಧರ್ಮಪುರಿಗೂ ವಿಸ್ತರಿಸಬೇಕಾಯಿತು. ಕೃಷ್ಣಗಿರಿ ಆ ಜಿಲ್ಲೆಯಿಂದ ಬೇರೆಯಾದದ್ದು 2004ರಲ್ಲಿ. ಕರ್ನಾಟಕದವರೂ ಬೀಗಬೇಕಾಗಿಲ್ಲ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಯಂತ್ರ ಇಟ್ಟುಕೊಂಡು ಭ್ರೂಣಗಳ ಲಿಂಗ ಹೇಳುತ್ತಿದ್ದ ಜಾಲ ಬಯಲಾದದ್ದನ್ನು ನಾವು ನೋಡಿದ್ದೇವೆ. ಯಂತ್ರ ಕೈಚೀಲದಲ್ಲಿ ಹಿಡಿಸುವಷ್ಟು ಸಣ್ಣದಾದಾಗಲೇ ಇದಕ್ಕೆ ದಾರಿಯಾಯಿತು.

ಆದರೂ ಕಾನೂನು ಒಂದು ವ್ಯತ್ಯಾಸವನ್ನು ಗಮನಿಸಬಹುದು. ಗರ್ಭ ನೋಡಲು ಸಾಮಾನ್ಯವಾಗಿ ಬಳಸುವುದು ಕಡಿಮೆ ಆವರ್ತನದ ಬಾಗಿದ ಪ್ರೋಬ್. ಕಣ್ಣಿಗೆ ಬೇಕಾದದ್ದು 7.5 ಮೆಗಾಹರ್ಟ್ಸ್ ಅಥವಾ ಅದಕ್ಕೂ ಮೇಲಿನ ಆವರ್ತನದ ನೇರ ಪ್ರೋಬ್. ಅದು ಕೆಲವೇ ಸೆಂಟಿಮೀಟರು ಆಳ ತೋರಿಸುತ್ತದೆ. ಆ ಪ್ರೋಬ್ ಮಾತ್ರ ಜೋಡಿಸಿ, ಕಣ್ಣಿನ ಪರೀಕ್ಷೆಗೆ ನಿಗದಿಯಾದ ಕಡಿಮೆ ಶಕ್ತಿಯ ಮಿತಿಯಲ್ಲಿ ಬೀಗ ಹಾಕಿದ, ಪ್ರತಿ ಚಿತ್ರವನ್ನೂ ಸಮಯದೊಂದಿಗೆ ದಾಖಲಿಸುವ ಯಂತ್ರಕ್ಕೆ ಬೇರೆ ನೋಂದಣಿ ವರ್ಗ ಕೊಡಲಿ. ದುರುಪಯೋಗ ಸಂಪೂರ್ಣ ಅಸಾಧ್ಯವಾಗದು, ನಿಜ. ಆದ್ದರಿಂದಲೇ ಮೊದಲು ಸರ್ಕಾರಿ ಆಸ್ಪತ್ರೆಗಳ ಕ್ಯಾಶುವಾಲಿಟಿ ಮತ್ತು ಐಸಿಯುಗೆ ಮಾತ್ರ ಕೊಟ್ಟು ನೋಡಲಿ. ಆಂಬುಲೆನ್ಸಿನ ಮಾತು ಆಮೇಲೆ.

ಉಳಿದ ಸಿದ್ಧತೆ ಈಗಾಗಲೇ ಇದೆ. ಕೃಷ್ಣಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು 2022ರ ಜನವರಿಯಲ್ಲಿ ಉದ್ಘಾಟನೆಯಾಯಿತು. 2021ರ ಡಿಸೆಂಬರಿನಲ್ಲಿ ಶುರುವಾದ ತಮಿಳುನಾಡಿನ ‘ಇನ್ನುಯಿರ್ ಕಾಪ್ಪೋಂ’ ಯೋಜನೆ ರಸ್ತೆ ಅಪಘಾತದ ಗಾಯಾಳುವಿಗೆ, ಅವರು ಯಾವ ರಾಜ್ಯದವರೇ ಆಗಿರಲಿ, ಮೊದಲ 48 ಗಂಟೆ ಉಚಿತ ಚಿಕಿತ್ಸೆ ಕೊಡುತ್ತದೆ. ಆರಂಭದಲ್ಲಿ ಇಟ್ಟ ಮಿತಿ 1 ಲಕ್ಷ ರೂಪಾಯಿ. ಗಡಿಯ ಈಚೆ, ನಿಮ್ಹಾನ್ಸ್ ಜೊತೆಗೂಡಿ ನಡೆಯುವ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಕೋಲಾರದಂಥ ಜಿಲ್ಲೆಗಳ ವೈದ್ಯರಿಗೆ ತರಬೇತಿ ಕೊಡುತ್ತದೆ. ಕೋಲಾರದ ಪಕ್ಕದ ಜಿಲ್ಲೆ ಕೃಷ್ಣಗಿರಿ. ಅಲ್ಲಿನ ಗಾಯಾಳು ಕೊನೆಗೆ ಬರುವುದು ನಿಮ್ಹಾನ್ಸಿನ ಬಾಗಿಲಿಗೇ ಆದರೆ, ಅಲ್ಲಿನ ಕ್ಯಾಶುವಾಲಿಟಿ ವೈದ್ಯರಿಗೂ ಅದೇ ತರಬೇತಿ ಕೊಡಲು ಎರಡು ರಾಜ್ಯಗಳ ಆರೋಗ್ಯ ಇಲಾಖೆಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದರೆ ಸಾಕು. ಅದರ ಜೊತೆಗೇ ರೆಫರಲ್ ಚೀಟಿಯಲ್ಲಿ ಒಂದು ಸಾಲು ಸೇರಿಸಲಿ: ಎಡ ಮತ್ತು ಬಲ ಕಣ್ಣಿನ ಹೊದಿಕೆಯ ಅಳತೆ ಮಿಲಿಮೀಟರಿನಲ್ಲಿ, ನೋಡಿದ ಗಂಟೆ, ಒತ್ತಡ ಇಳಿಸುವ ಮನ್ನಿಟಾಲ್ ಕೊಟ್ಟಿದ್ದರೆ ಅದಕ್ಕೆ ಮುಂಚೆಯೋ ಆಮೇಲೋ.